ಕಾಳಜಿ ಮಾಡಬೇಡ ಎಂದರೆ, ಮಾಡಬೇಕಾದವರು ಯಾರು?

ಸಿಂಧನೂರು, ಲಿಂಗಸುಗೂರು, ಮಸ್ಕಿ - ಈ ಮೂರು ಊರುಗಳ ಯಾವುದೇ ಬಸ್ ನಿಲ್ದಾಣದಲ್ಲಿ ರಾತ್ರಿ ಎಂಟರ ಹೊತ್ತಿಗೆ ನಿಂತವರಿಗೆ ಒಂದು ಮಾತು ತಪ್ಪದೆ ಕೇಳಿಸುತ್ತದೆ. ಬೆಂಗಳೂರಿಗೋ ಹೈದರಾಬಾದಿಗೋ ಪುಣೆಗೋ ಹೊರಟು ನಿಂತ ಮಗ ಕಿಟಕಿಯೊಳಗಿಂದ ತಾಯಿಗೆ ಹೇಳುತ್ತಾನೆ: "ಕಾಳಜಿ ಮಾಡಬ್ಯಾಡ." ನಮ್ಮ ಮನೆಗಳ ಹುಡುಗರಾದರೆ "ಫಿಕರ್ ನಕ್ಕೋ ಕರೋ ಅಮ್ಮಾ" ಎನ್ನುತ್ತಾರೆ. ಭಾಷೆ ಬೇರೆ, ವಾಕ್ಯ ಒಂದೇ. ನಮ್ಮ ದಖನಿ ಉರ್ದುವಿನ 'ನಕ್ಕೋ' ಮರಾಠಿಯಿಂದ ಬಂದುದು. ಕನ್ನಡದ 'ಕಾಳಜಿ'ಯೂ ಮರಾಠಿಯಿಂದಲೇ ಬಂದುದು. ಶತಮಾನಗಳ ಕಾಲ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡಿದ ಮೂರು ಭಾಷೆಗಳು ತಾಯಿಯನ್ನು ಬೀಳ್ಕೊಡುವ ಮಾತನ್ನೂ ಹಂಚಿಕೊಂಡಿವೆ.

ನಾವು ಬಿ.ಎ. ಓದುತ್ತಿದ್ದಾಗ ಮೈಸೂರು ಕಡೆಯ ಸಹಪಾಠಿಯೊಬ್ಬನಿಗೆ ಈ ಮಾತು ಅರ್ಥವಾಗಿರಲಿಲ್ಲ. "ಕಾಳಜಿ ಮಾಡಬೇಡ ಎಂದರೆ ನಿರ್ಲಕ್ಷಿಸು ಎಂದು ಹೇಳಿದಂತಾಯಿತಲ್ಲವೇ?" ಎಂದು ಆತ ನಕ್ಕಿದ್ದ. ಆತನ ಕನ್ನಡದಲ್ಲಿ ಕಾಳಜಿಯೆಂದರೆ ಆಸ್ಥೆ, ಆರೈಕೆ. ನಮ್ಮ ಕನ್ನಡದಲ್ಲಿ ಅದು ಚಿಂತೆಯೂ ಹೌದು, ಆರೈಕೆಯೂ ಹೌದು. ಯಾರ ಬಗ್ಗೆ ರಾತ್ರಿ ನಿದ್ದೆ ಬರುವುದಿಲ್ಲವೋ ಅವರನ್ನು ಹಗಲು ನೋಡಿಕೊಳ್ಳುವುದು - ಇವೆರಡಕ್ಕೂ ಒಂದೇ ಹೆಸರು. ಮರಾಠಿಯಲ್ಲಿ 'ಕಾಳೀಜ್' ಎಂದರೆ ಎದೆಯೊಳಗಿನ ಅಂಗ. ನಮ್ಮ ಉರ್ದುವಿನ 'ಕಲೇಜಾ' ಎಂಬುದೂ ಅದೇ ಬಳಗದ ಶಬ್ದ. ಕಾಳಜಿಗೂ ಅದಕ್ಕೂ ಇರುವ ನಂಟನ್ನು ಕಿವಿಯೇ ಹೇಳುತ್ತದೆ. ಹಾಗಿದ್ದ ಮೇಲೆ ಅದು ಬಾಯಿಯ ಶಬ್ದವಾಗಿರಲಿಲ್ಲ, ಹೊಟ್ಟೆಯೊಳಗಿನ ಶಬ್ದವಾಗಿತ್ತು.

ಇಂದು ಅದಕ್ಕೆ ಏನಾಗಿದೆಯೆಂದು ತಿಳಿಯಲು ಅದರ ಪಕ್ಕದಲ್ಲಿ ಕೂರುವ ಕ್ರಿಯಾಪದಗಳನ್ನು ನೋಡಿದರೆ ಸಾಕು. ನಮ್ಮ ಅಜ್ಜಿಯರು ಕಾಳಜಿ 'ಮಾಡುತ್ತಿದ್ದರು'. ಇಲಾಖೆಗಳು ಕಾಳಜಿ 'ವಹಿಸುತ್ತವೆ'. ಮುಖಂಡರು ಕಾಳಜಿ 'ವ್ಯಕ್ತಪಡಿಸುತ್ತಾರೆ'. ದಾನಿಗಳು ಕಾಳಜಿ 'ತೋರುತ್ತಾರೆ', ತೋರಿದ ಮೇಲೆ ಛಾಯಾಚಿತ್ರ ಪತ್ರಿಕೆಗೆ ಬರುತ್ತದೆ. ಚುನಾವಣೆ ಹತ್ತಿರವಾದಾಗ ಅಲ್ಪಸಂಖ್ಯಾತರ ಬಗೆಗಿನ ಕಾಳಜಿ ಎಲ್ಲ ಪಕ್ಷಗಳ ಪ್ರಣಾಳಿಕೆಯಲ್ಲಿಯೂ ಉಕ್ಕುತ್ತದೆ. ಸಾಚಾರ್ ಸಮಿತಿಯ ವರದಿ 2006ರಲ್ಲಿ ಬಂದಾಗಿನಿಂದ ನಮ್ಮ ಬಗ್ಗೆ ವ್ಯಕ್ತವಾದ ಕಾಳಜಿಯನ್ನು ತೂಕಕ್ಕೆ ಹಾಕಿದರೆ ಸಿಂಧನೂರಿನ ಅಕ್ಕಿ ಗಿರಣಿಗಳ ತಕ್ಕಡಿಗಳೂ ಸಾಲವು. ಆದರೆ ಇತರರ ಬಾಯಿಮಾತಿನ ಕಾಳಜಿಯ ಕುರಿತು ಈ ಪುಟಗಳಲ್ಲಿ ಸಾಕಷ್ಟು ಬರೆದಾಗಿದೆ. ಇಂದು ನಮ್ಮ ಮನೆಯೊಳಗಿನದನ್ನು ನೋಡೋಣ.

ಸರ್ಕಾರವೊಂದು ಈ ಶಬ್ದಕ್ಕೆ ಮಾಡಿದ ಉಪಕಾರವನ್ನು ಮಾತ್ರ ಹೇಳಿ ಮುಂದುವರಿಯಬೇಕು. ಬರ ಮತ್ತು ನೆರೆಯ ಕಾಲದಲ್ಲಿ ತೆರೆಯುತ್ತಿದ್ದ 'ಗಂಜಿ ಕೇಂದ್ರ'ಗಳನ್ನು ಕೆಲವು ವರ್ಷಗಳಿಂದ 'ಕಾಳಜಿ ಕೇಂದ್ರ'ಗಳೆಂದು ಕರೆಯಲಾಗುತ್ತಿದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಲಿಂಗಸುಗೂರು ತಾಲೂಕಿನ ನಡುಗಡ್ಡೆಗಳ ಜನರು ದಡದ ಸಂಪರ್ಕ ಕಳೆದುಕೊಂಡಿದ್ದನ್ನು, ಶೀಲಹಳ್ಳಿಯ ಸೇತುವೆ ನೀರಿನಡಿ ಹೋಗಿದ್ದನ್ನು ಈ ಭಾಗದ ಓದುಗರು ಮರೆತಿರಲಾರರು. ನೆರೆಯಲ್ಲಿ ಮನೆ ಬಿಟ್ಟು ಬಂದವನಿಗೆ ಗಂಜಿಯೆಂಬ ಹೆಸರು ಚುಚ್ಚುತ್ತಿತ್ತು. ಕುಟುಂಬವೇ ಬೀದಿಗೆ ಬಂದಿರುವಾಗ ಹಸಿವೆಯನ್ನು ಬೋರ್ಡಿನಲ್ಲಿ ಬರೆದು ತೂಗುಹಾಕಿದಂತೆ. ಹೆಸರು ಬದಲಿಸಿದ್ದು ಒಳ್ಳೆಯದೇ. ಆದರೆ ಅಲ್ಲಿ ಒಮ್ಮೆ ಸಾಲಿನಲ್ಲಿ ನಿಂತವರಿಗೆ ಗೊತ್ತು, ಹಳೆಯ ಹೆಸರಿನಲ್ಲಿ ಕನಿಷ್ಠ ಕೊಡುವ ವಸ್ತು ಯಾವುದೆಂಬ ಖಚಿತತೆಯಿತ್ತು. ಗಂಜಿ ಬಂದಿತೋ ಇಲ್ಲವೋ ಎಂದು ಕೇಳಬಹುದಿತ್ತು. ಕಾಳಜಿ ಬಂದಿತೋ ಇಲ್ಲವೋ ಎಂದು ಯಾರನ್ನು ಕೇಳುವುದು?

ನಮ್ಮ ಮನೆಗಳಲ್ಲಿಯೂ ನಡೆದಿರುವುದು ಇದೇ.

ಈ ಭಾಗದಿಂದ ಗುಳೆ ಹೋಗುವುದು ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಸಿಂಧನೂರಿನ ಹೊಲಗಳಿಗೆ ಮಸ್ಕಿ, ಲಿಂಗಸುಗೂರು ಕಡೆಯ ಒಣಭೂಮಿಯ ಹೆಣ್ಣುಮಕ್ಕಳು ನಾಟಿಗೆ ಬರುತ್ತಾರೆ. ಗಂಡಸರು ಕಟ್ಟಡದ ಕೆಲಸಕ್ಕೆ ದೊಡ್ಡ ನಗರಗಳಿಗೆ ಹೋಗುತ್ತಾರೆ. ಪಟ್ಟಣಗಳ ಮುಸ್ಲಿಮ್ ಮನೆಗಳಿಂದ ಹುಡುಗರು ಗ್ಯಾರೇಜಿಗೆ, ಬೇಕರಿಗೆ, ಡ್ರೈವಿಂಗಿಗೆ, ಕೆಲವರು ಕೊಲ್ಲಿ ರಾಷ್ಟ್ರಗಳಿಗೆ ಹೋಗಿದ್ದಾರೆ. ಹೋಗದೆ ನಡೆಯುವುದಿಲ್ಲ. ಅವರು ಕಳುಹಿಸುವ ಹಣದಿಂದಲೇ ತಾಯಿಯ ಔಷಧ ಬರುತ್ತದೆ, ತಂಗಿಯ ಮದುವೆಯಾಗುತ್ತದೆ. ಆ ಬೆವರನ್ನು ನಾವು ಕಡೆಗಣಿಸುತ್ತಿಲ್ಲ. ಆದರೆ ಔಷಧವನ್ನು ತಾಯಿಯ ಬಾಯಿಗೆ ಹಾಕುವ ಕೈ ಯಾರದು? ಈ ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ, ಏಕೆಂದರೆ ಉತ್ತರ ಎಲ್ಲರಿಗೂ ತಿಳಿದಿದೆ.

ಬೇರೆಯವರ ಮನೆಯ ಉದಾಹರಣೆ ಕೊಡುವುದು ಸುಲಭ. ನಾವು ನಮ್ಮದನ್ನೇ ಹೇಳುತ್ತೇವೆ. ನಮ್ಮ ತಾಯಿ ಪಾರ್ಶ್ವವಾಯುವಿಗೆ ತುತ್ತಾಗಿ ಹದಿನಾಲ್ಕು ತಿಂಗಳು ಮಸ್ಕಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ನಾವು ಪತ್ರಿಕೆಯ ಕೆಲಸದ ನಿಮಿತ್ತ ದೂರದ ನಗರದಲ್ಲಿದ್ದೆವು. ತಿಂಗಳಿಗೊಮ್ಮೆ ಬರುತ್ತಿದ್ದೆವು, ಎರಡು ದಿನ ಇರುತ್ತಿದ್ದೆವು. ಬಂದಾಗಲೆಲ್ಲ ಹಣ್ಣು ತರುತ್ತಿದ್ದೆವು. ಅವರು ನುಂಗಬಲ್ಲ ಹಣ್ಣು ಯಾವುದೆಂದು ನಮಗೆ ಗೊತ್ತಿರಲಿಲ್ಲ. ಅದೇ ಅವಧಿಯಲ್ಲಿ ನಾವು 'ಹೆತ್ತವರ ಹಕ್ಕುಗಳು' ಎಂಬ ಲೇಖನವನ್ನೂ ಬರೆದೆವು. ಕುರ್‌ಆನ್, ಹದೀಸ್‌ಗಳ ಆಧಾರ ಬೇಕಾದಷ್ಟಿತ್ತು. ಓದುಗರು ಮೆಚ್ಚಿ ಪತ್ರ ಬರೆದರು. ನಮ್ಮ ಪತ್ನಿ ಅದನ್ನು ತಾಯಿಗೆ ಓದಿ ಹೇಳಿದಳಂತೆ. ಮುಂದಿನ ಸಲ ಮನೆಗೆ ಹೋದಾಗ ಆಕೆ ನಮ್ಮನ್ನು ಕೇಳಿದ್ದು ಒಂದೇ ಪ್ರಶ್ನೆ: "ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅನ್ನುವುದನ್ನು ಯಾಕೆ ಬರೆಯಲಿಲ್ಲ?"

ಹಾಸಿಗೆ ಹಿಡಿದವರ ಮೈಯನ್ನು ಎರಡು ಗಂಟೆಗೊಮ್ಮೆ ಹೊರಳಿಸದಿದ್ದರೆ ಸೊಂಟ, ಹಿಮ್ಮಡಿ, ಬೆನ್ನೆಲುಬಿನ ಕೆಳಭಾಗದ ಚರ್ಮಕ್ಕೆ ರಕ್ತ ಸಂಚಾರ ನಿಂತು ಹುಣ್ಣಾಗುತ್ತದೆ. ಒಮ್ಮೆ ಆದರೆ ವಾಸಿಯಾಗುವುದು ಬಹಳ ಕಷ್ಟ. ಹೊರಳಿಸುವಾಗ ಎಳೆಯಬಾರದು, ಎತ್ತಬೇಕು. ಹಾಸಿನ ಮಡಿಕೆ ಉಳಿಯಬಾರದು. ಉಣ್ಣಿಸುವಾಗ ತಲೆ, ಬೆನ್ನು ಎತ್ತರದಲ್ಲಿರಬೇಕು, ಇಲ್ಲದಿದ್ದರೆ ಅನ್ನ ಶ್ವಾಸನಾಳಕ್ಕೆ ಹೋಗುತ್ತದೆ. ಉಣ್ಣಿಸಿದ ಕೂಡಲೇ ಮಲಗಿಸಬಾರದು. ಇದೆಲ್ಲ ನಮಗೆ ಈಗ ಗೊತ್ತು. ಎಂಟು ವರ್ಷ ಮದ್ರಸದಲ್ಲಿ ಓದಿ, ಮೂರು ವರ್ಷ ಕಾಲೇಜಿನಲ್ಲಿ ಓದಿ, ಕಾಳಜಿಗೆ ನಾಲ್ಕು ಭಾಷೆಗಳಲ್ಲಿ ಸಮಾನಾರ್ಥಕ ಪದ ಹೇಳಬಲ್ಲ ನಮಗೆ ಆಗ ಗೊತ್ತಿರಲಿಲ್ಲ. ಹತ್ತನೆಯ ತರಗತಿಗೆ ಶಾಲೆ ಬಿಟ್ಟ ಹೆಣ್ಣುಮಗಳಿಗೆ ಗೊತ್ತಿತ್ತು. ಹದಿನಾಲ್ಕು ತಿಂಗಳಲ್ಲಿ ನಮ್ಮ ತಾಯಿಯ ಬೆನ್ನಿನ ಮೇಲೆ ಒಂದು ಹುಣ್ಣೂ ಆಗಲಿಲ್ಲ. ಆ ಅವಧಿಯ ಒಂದು ರಾತ್ರಿಯೂ ಆಕೆ ಪೂರ್ತಿ ನಿದ್ದೆ ಮಾಡಿರಲಿಲ್ಲ ಎಂಬುದು ಇದರ ಅರ್ಥ; ಲೆಕ್ಕ ಬಲ್ಲವರು ಹಾಕಿಕೊಳ್ಳಲಿ.

ಇನ್ನು ಧರ್ಮದ ಮಾತು. ನಮ್ಮ ಜುಮಾ ಪ್ರವಚನಗಳಲ್ಲಿ ಹೆತ್ತವರ ಸೇವೆಯ ಕುರಿತು ಮಾತು ಬಂದಾಗ ಅದು ಹೇಗೋ ಸೊಸೆಯಂದಿರ ಕಡೆಗೆ ತಿರುಗುತ್ತದೆ. ಈಗಿನ ಸೊಸೆಯಂದಿರು ಅತ್ತೆಯನ್ನು ನೋಡುವುದಿಲ್ಲ, ಕಾಲ ಕೆಟ್ಟಿತು, ಇತ್ಯಾದಿ. ಪ್ರವಚನ ಕೇಳುತ್ತ ಕುಳಿತ ಗಂಡುಮಕ್ಕಳೆಲ್ಲ ತಲೆದೂಗುತ್ತಾರೆ. ನಮ್ಮ ಮೌಲಾನಾರು ಹಾಗೂ ಮಸೀದಿ ಸಮಿತಿಗಳವರು ಒಂದು ಮಾತನ್ನು ಸ್ಪಷ್ಟವಾಗಿ ಹೇಳುವ ಧೈರ್ಯ ಮಾಡಬೇಕು. ನಾವು ಓದಿದ ಹನಫೀ ಫಿಕ್‌ಹ್‌ನಲ್ಲಿ ವೃದ್ಧ ಹೆತ್ತವರ ಹೊಣೆ ಅವರ ಮಕ್ಕಳ ಮೇಲಿದೆ - ಗಂಡುಮಕ್ಕಳ ಮೇಲೆ, ಹೆಣ್ಣುಮಕ್ಕಳ ಮೇಲೆ. ಅತ್ತೆ ಮಾವಂದಿರ ಸೇವೆ ಸೊಸೆಯ ಮೇಲೆ ಶರೀಅತ್ತಿನ ಕಡ್ಡಾಯ ಕರ್ತವ್ಯವೆಂಬ ವಿಧಿ ಅಲ್ಲಿಲ್ಲ. ಆಕೆ ಮಾಡಿದರೆ ಅದು ಇಹ್ಸಾನ್, ಅಂದರೆ ಆಕೆಯ ಔದಾರ್ಯ. ಔದಾರ್ಯಕ್ಕೆ ಕೃತಜ್ಞತೆ ಸಲ್ಲಬೇಕು. ನಾವು ಮಾಡುತ್ತಿರುವುದೇನು? ನಮ್ಮ ಕರ್ತವ್ಯವನ್ನು ಆಕೆಗೆ ವಹಿಸಿ, ಆಕೆಯ ಔದಾರ್ಯವನ್ನು ಆಕೆಯ ಕರ್ತವ್ಯವೆಂದು ಕರೆದು, ಅದರಲ್ಲಿ ಕೊರತೆ ಬಂದರೆ ಗದರುತ್ತಿದ್ದೇವೆ.

ಇದನ್ನು ಬರೆದುದಕ್ಕೆ ಪತ್ರಗಳು ಬರುತ್ತವೆಂದು ಬಲ್ಲೆವು. ಸೊಸೆಯಂದಿರಿಗೆ ಇಲ್ಲದ್ದನ್ನು ಹೇಳಿಕೊಟ್ಟು ಮನೆ ಒಡೆಯುತ್ತಿದ್ದೀರಿ ಎಂಬ ಆಕ್ಷೇಪವೂ ಅದರಲ್ಲಿರುತ್ತದೆ. ಮನೆ ಒಡೆಯುವುದು ಸತ್ಯ ಹೇಳಿದ್ದರಿಂದಲ್ಲ. ಅದನ್ನು ಇಷ್ಟು ದಿನ ಮುಚ್ಚಿಟ್ಟಿದ್ದರಿಂದ ಮನೆಗಳು ಒಳಗಿಂದೊಳಗೇ ಒಡೆದಿವೆ.

ಗುಹೆಯಲ್ಲಿ ಸಿಲುಕಿದ ಮೂವರ ಪ್ರಸಿದ್ಧ ಹದೀಸನ್ನು ನಾವೆಲ್ಲ ಬಾಲ್ಯದಿಂದ ಕೇಳಿದ್ದೇವೆ. ಅವರಲ್ಲೊಬ್ಬನು ಸಂಜೆ ಹಾಲು ಕರೆದು ತರುವಷ್ಟರಲ್ಲಿ ವೃದ್ಧ ತಂದೆ ತಾಯಿ ಮಲಗಿಬಿಟ್ಟಿದ್ದರು. ಎಬ್ಬಿಸಲು ಮನಸ್ಸಾಗದೆ, ಅವರಿಗಿಂತ ಮೊದಲು ತನ್ನ ಮಕ್ಕಳಿಗೆ ಕುಡಿಸಲೂ ಮನಸ್ಸಾಗದೆ, ಬಟ್ಟಲನ್ನು ಕೈಯಲ್ಲಿ ಹಿಡಿದು ಬೆಳಗಿನವರೆಗೆ ನಿಂತಿದ್ದನು. ಈ ಹದೀಸಿನ ಬಗ್ಗೆ ನೂರು ಪ್ರವಚನ ಕೇಳಿದ್ದರೂ ಒಂದು ಸಂಗತಿ ನಮ್ಮ ಗಮನಕ್ಕೆ ಬಂದುದು ತಡವಾಗಿ. ಆ ಮನುಷ್ಯನಿಗೆ ಪತ್ನಿಯಿದ್ದಳು, ಮಕ್ಕಳಿದ್ದರು. ಬಟ್ಟಲನ್ನು ಹಿಡಿದು ನಿಂತವನು ಆತನೇ. ಪತ್ನಿಯ ಕೈಗೆ ಕೊಟ್ಟು ಮಲಗಿರಲಿಲ್ಲ. ಪ್ರವಾದಿವರ್ಯರು(ಸ) ಮನೆಯಲ್ಲಿದ್ದಾಗ ಏನು ಮಾಡುತ್ತಿದ್ದರೆಂದು ಹಝ್ರತ್ ಆಯಿಶಾ(ರ)ರನ್ನು ಕೇಳಿದಾಗ ದೊರೆತ ಉತ್ತರವೂ ಬುಖಾರಿಯಲ್ಲಿದೆ: ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ಹೊತ್ತಾದಾಗ ಎದ್ದು ಹೋಗುತ್ತಿದ್ದರು ಎಂಬರ್ಥದ ಮಾತದು.

ತಾಯಿಯ ಶುಶ್ರೂಷೆಯಲ್ಲಿ ಮಗನಿಗೆ ಲಜ್ಜೆಯ ಅಡ್ಡಿಯುಂಟು ಎನ್ನುವವರಿದ್ದಾರೆ. ಸ್ನಾನ, ಶೌಚದ ವಿಷಯದಲ್ಲಿ ಅದು ನಿಜ. ಅಲ್ಲಿ ಮಗಳ, ಸೊಸೆಯ, ಇಲ್ಲವೇ ಸಂಬಳ ಕೊಟ್ಟು ನೇಮಿಸಿದ ಹೆಂಗಸಿನ ನೆರವು ಬೇಕು. ಆದರೆ ಗಂಜಿ ಕಾಯಿಸಲು, ಉಣ್ಣಿಸಲು, ಕಾಲು ಒತ್ತಲು, ಮಾತ್ರೆಯ ಹೊತ್ತು ನೋಡಲು, ಹಾಸು ಒಗೆಯಲು, ರಾತ್ರಿಯ ಒಂದು ಪಾಳಿ ಎಚ್ಚರವಿರಲು ಯಾವ ಲಜ್ಜೆ? ಮತ್ತು ತಂದೆ ಹಾಸಿಗೆ ಹಿಡಿದಾಗ ಇದೇ ಲಜ್ಜೆ ಸೊಸೆಗೆ ಇಲ್ಲವೇ?

ವಿಚಿತ್ರವೆಂದರೆ ಈ ವಿಷಯದಲ್ಲಿ ನಮ್ಮ ಫಿಕ್‌ಹ್ ಮತ್ತು ದೇಶದ ಕಾನೂನು ಒಂದೇ ದಾರಿಯಲ್ಲಿವೆ. ಹೆತ್ತವರ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ ಸಂಸತ್ತು 2007ರಲ್ಲಿ ಮಾಡಿದ ಕಾಯ್ದೆಯಲ್ಲಿ 'ಮಕ್ಕಳು' ಎಂಬುದರ ವ್ಯಾಖ್ಯೆಯಿದೆ: ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆಯ ಹೆಸರು ಆ ವ್ಯಾಖ್ಯೆಯಲ್ಲಿಯೂ ಇಲ್ಲ. ಈ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯವಾಗುತ್ತದೆ. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಲಿಂಗಸುಗೂರು ಉಪವಿಭಾಗಕ್ಕೆ ಸೇರಿರುವುದರಿಂದ ಈ ಮೂರು ಊರುಗಳ ವೃದ್ಧರು ಲಿಂಗಸುಗೂರಿನ ಸಹಾಯಕ ಆಯುಕ್ತರ ಮುಂದೆ ಅರ್ಜಿ ಸಲ್ಲಿಸಬಹುದು. ತಿಂಗಳಿಗೆ 10,000 ರೂಪಾಯಿಯ ಮಿತಿಯೊಳಗೆ ಜೀವನಾಂಶ ಕೊಡಿಸಲು ಅವಕಾಶವಿದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ದಾನಪತ್ರ ಮಾಡಿಕೊಟ್ಟು, ಅನಂತರ ಮಕ್ಕಳು ನೋಡದೆ ಹೋದರೆ ಆ ಹಸ್ತಾಂತರವನ್ನು ರದ್ದುಪಡಿಸಲೂ ದಾರಿಯಿದೆ. ನಮ್ಮಲ್ಲಿ ಹಿಬಾ ಮಾಡುವ ಹಿರಿಯರು ಷರತ್ತನ್ನು ಬಾಯಿಮಾತಿನಲ್ಲಿ ಬಿಡದೆ ಬರೆಸಿಕೊಳ್ಳುವುದು ಲೇಸು.

ಈ ಕಾಯ್ದೆಯ ಇಂಗ್ಲಿಷ್ ಹೆಸರಿನ ಮುಖ್ಯ ಪದವನ್ನು ಕನ್ನಡ ಪತ್ರಿಕೆಗಳು ಹಲವು ಸಲ 'ನಿರ್ವಹಣೆ' ಎಂದು ಅನುವಾದಿಸುತ್ತವೆ. ರಸ್ತೆ ನಿರ್ವಹಣೆ, ಕೊಳವೆಬಾವಿ ನಿರ್ವಹಣೆ, ಹೆತ್ತವರ ನಿರ್ವಹಣೆ! ಅನುವಾದಕರನ್ನು ದೂರಿ ಫಲವಿಲ್ಲ. ಕಾನೂನು ಕೊಡಿಸಬಲ್ಲದ್ದು ಅನ್ನ, ಬಟ್ಟೆ, ವಸತಿ, ಚಿಕಿತ್ಸೆಗಳನ್ನು. ಎರಡು ಗಂಟೆಗೊಮ್ಮೆ ಏಳುವವರನ್ನು ಅದು ಎಲ್ಲಿಂದ ತಂದೀತು?

ಹಳೆಯ ಶಬ್ದಗಳಿಗೆ ಇದು ಗೊತ್ತಿತ್ತು. ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಸಿಕ್ಕ ಶಾಸನದಿಂದ ನಮ್ಮೂರಿಗೆ ಇತಿಹಾಸದಲ್ಲಿ ಸ್ಥಾನ ಬಂತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂದು ಅವನ ಹೆಸರಿನಿಂದಲೇ ಮೊದಲು ಖಚಿತವಾದುದು ಅದರಿಂದ. ಅದೇ ಅಶೋಕನ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲಿ ತಾಯಿ ತಂದೆಯರ ಶುಶ್ರೂಷೆ ಮಾಡಬೇಕೆಂಬ ಆದೇಶವಿದೆ. ಶುಶ್ರೂಷೆ ಎಂಬ ಸಂಸ್ಕೃತ ಶಬ್ದದ ಮೂಲಾರ್ಥ 'ಕೇಳುವ ಇಚ್ಛೆ'. ಹೇಳಿದ್ದನ್ನು ಕೇಳಬೇಕೆನ್ನುವವನೇ ಸೇವೆ ಮಾಡುವವನು. ರೋಗಿಯನ್ನು ಕಾಣಲು ಹೋಗುವುದಕ್ಕೆ ನಾವು ಬಳಸುವ 'ಇಯಾದತ್' ಎಂಬ ಅರಬಿ ಶಬ್ದದ ಧಾತುವಿನ ಅರ್ಥ 'ಮತ್ತೆ ಮರಳುವುದು'. ವರ್ಷವರ್ಷವೂ ಮರಳಿ ಬರುವ 'ಈದ್', ಮತ್ತೆ ಮತ್ತೆ ಮಾಡಿ ರೂಢಿಯಾಗುವ 'ಆದತ್' ಅದೇ ಧಾತುವಿನವು. ಒಮ್ಮೆ ಹೋಗಿ ಸೇಬು ಕೊಟ್ಟು ಬಂದರೆ ಆ ಶಬ್ದದ ಋಣ ತೀರುವುದಿಲ್ಲ. ಕುರ್‌ಆನ್ ಹೆತ್ತವರ ವೃದ್ಧಾಪ್ಯದ ಬಗ್ಗೆ ಹೇಳುವಲ್ಲಿಯೂ (17:23) ಅವರು 'ನಿನ್ನ ಬಳಿ' ಇರುವಾಗ ವೃದ್ಧರಾಗುವುದನ್ನು ಹೇಳುತ್ತದೆ. 'ಛೆ' ಎನ್ನಬಾರದೆಂಬ ಭಾಗ ನಮಗೆಲ್ಲ ಕಂಠಪಾಠ. 'ನಿನ್ನ ಬಳಿ' ಎಂಬುದರ ಮೇಲೆ ನಾವು ಬೇಗ ಹಾದು ಹೋಗುತ್ತೇವೆ.

ದೂರದ ಊರಿನಲ್ಲಿ ದುಡಿಯುವ ಮಗನು ಏನು ಮಾಡಬೇಕು? ಕೆಲಸ ಬಿಟ್ಟು ಬಾ ಎನ್ನಲು ನಾವು ಯಾರು? ಆದರೆ ಊರಿನಲ್ಲಿರುವ ಸಹೋದರರು ಪಾಳಿ ಹಂಚಿಕೊಳ್ಳಬಹುದು. ಬಂದ ಮಗ ಎರಡು ದಿನ ಅತಿಥಿಯಾಗಿರದೆ ಆ ಎರಡು ರಾತ್ರಿಗಳನ್ನು ಪೂರ್ತಿ ತಾನೇ ವಹಿಸಿಕೊಂಡು ಪತ್ನಿಗೆ ನಿದ್ದೆ ಕೊಡಬಹುದು. ಮನೆಗೆ ಬಂದ ಹೆಣ್ಣುಮಗಳು ತನ್ನ ತಾಯಿಯನ್ನು ನೋಡಲು ತವರಿಗೆ ಹೋಗಬೇಕೆಂದಾಗ, ಆಕೆಗೂ ಒಬ್ಬ ತಾಯಿಯಿದ್ದಾಳೆಂಬುದನ್ನು ನೆನೆಯಬಹುದು. ನಮ್ಮ ಮಸೀದಿಗಳಲ್ಲಿ ಮಯ್ಯಿತ್ತನ್ನು ತೊಳೆಯುವ ವಿಧಾನವನ್ನು ಕಲಿಸುವ ಶಿಬಿರಗಳು ನಡೆಯುತ್ತವೆ, ಅದು ಬೇಕಾದದ್ದೇ. ಬದುಕಿರುವ ರೋಗಿಯನ್ನು ಹೊರಳಿಸುವುದು ಹೇಗೆಂದು ಊರಿನ ನರ್ಸ್ ಒಬ್ಬರನ್ನು ಕರೆಸಿ ಯುವಕರಿಗೆ ಒಂದು ಮಧ್ಯಾಹ್ನ ತೋರಿಸಲು ಖರ್ಚೇನೂ ಇಲ್ಲ.

ಕೊನೆಗೆ ಇನ್ನೊಂದು ಶಬ್ದದ ಮಾತು. ಕನ್ನಡಿಗರು ದಿನಕ್ಕೆ ಹತ್ತು ಸಲ ಹೇಳುವ 'ಪರವಾಗಿಲ್ಲ' ಎಂಬುದರಲ್ಲಿ ನಮ್ಮ ಪಾರ್ಸಿಯ 'ಪರ್ವಾ' ಇದೆ. ಪರ್ವಾ ಎಂದರೆ ಕಾಳಜಿ, ಲಕ್ಷ್ಯ. ಕನ್ನಡಕ್ಕೆ ಬಂದ ಆ ಶಬ್ದ ಹೆಚ್ಚಾಗಿ 'ಇಲ್ಲ'ದೊಂದಿಗೇ ಉಳಿದುಕೊಂಡಿತು. ಪರವಾ ಇದೆ ಎಂದು ಯಾರೂ ಹೇಳುವುದಿಲ್ಲ. ನಮ್ಮ ತಾಯಿ ತೀರಿಕೊಳ್ಳುವ ಹನ್ನೊಂದು ದಿನ ಮೊದಲು ನಾವು ರಜೆ ಹಾಕಿ ಬಂದಿದ್ದೆವು. ಮೊದಲನೆಯ ರಾತ್ರಿ ಪತ್ನಿಯನ್ನು ಮಲಗಲು ಹೇಳಿ ನಾವೇ ಅವರನ್ನು ಹೊರಳಿಸಹೋದೆವು. ಎತ್ತುವ ಬದಲು ಎಳೆದೆವು; ಸ್ವಾಧೀನವಿಲ್ಲದ ತೋಳು ಮೈಯಡಿ ಸಿಕ್ಕಿಕೊಂಡಿತು. ನೋವಿನಿಂದ ಅವರ ಮುಖ ಮುರಿದುದನ್ನು ಲಾಟೀನಿನ ಬೆಳಕಿನಲ್ಲಿ ಕಂಡೆವು - ಆ ರಾತ್ರಿ ಕರೆಂಟ್ ಇರಲಿಲ್ಲ. ಅರ್ಧ ಬಾಯಿಯಿಂದ ಅವರು ಏನೋ ಹೇಳಿದರು. ನಮಗೆ ತಿಳಿಯಲಿಲ್ಲ. ಗೋಡೆಯ ಆಚೆಯಿಂದ ಎದ್ದು ಬಂದ ಪತ್ನಿ ತೋಳನ್ನು ಬಿಡಿಸಿ, ಬೆನ್ನಿಗೆ ದಿಂಬು ಕೊಟ್ಟು ಹೇಳಿದಳು: "ಪರ್ವಾ ನಯ್ ಬೇಟಾ ಅಂತಿದ್ದಾರೆ."